ಗಾಳಿಯಿಂದ ಹಿಂಡಿ, ಹಿಂಡಿಯಿಂದ ಎತ್ತು

ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಹೊರಬಿದ್ದ ಶೇಂಗಾ ಹಿಂಡಿಯ ಒಂದು ಚೂರನ್ನು ಅಂಗೈಯಲ್ಲಿಟ್ಟು ನೋಡಿ. ಎಣ್ಣೆ ಮನುಷ್ಯನ ಪಾಲಾಯಿತು. ಉಳಿದ ಈ ಒಣ ಚೂರಿನಲ್ಲಿ ನೂರಕ್ಕೆ 40-45 ಪಾಲು ಪ್ರೋಟೀನು! ಬೇಸಿಗೆಯ ಒಣಹುಲ್ಲಿನಲ್ಲಿ ಅದು 3-4 ಪಾಲು ಸಿಕ್ಕರೆ ಹೆಚ್ಚು. ವರ್ಷಕ್ಕೆ 500 ಮಿ.ಮೀ. ಮಳೆ ಕಂಡರೆ ಪುಣ್ಯ ಎನ್ನುವ ಸೀಮೆ. ಇಲ್ಲಿನ ಬಡ ಮಣ್ಣಿಗೆ ಇಷ್ಟೊಂದು ಪ್ರೋಟೀನು ಎಲ್ಲಿಂದ ಬಂತು?

ಗಾಳಿಯಿಂದ! ಶೇಂಗಾ ಗಿಡ ಕಿತ್ತು ಬೇರು ನೋಡಿ, ಸಾಸಿವೆ ಗಾತ್ರದ ಗಂಟುಗಳು. ಒಂದನ್ನು ಉಗುರಿನಲ್ಲಿ ಒಡೆಯಿರಿ: ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟನಾದ ವಸ್ತುವಿನ ಬಣ್ಣ ಅದು. ಅಲ್ಲಿ ಕುಳಿತ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು, ಪ್ರೋಟೀನು ಕಟ್ಟಲೆಂದು ಗಿಡಕ್ಕೆ ಉಣಿಸುತ್ತಿವೆ.

ಅಚ್ಚರಿ ಇಲ್ಲಿಗೇ ನಿಲ್ಲುವುದಿಲ್ಲ. ಎತ್ತಿನ ಮೊದಲ ಹೊಟ್ಟೆಯ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾ! ಹಿಂಡಿಯ ಬಹುಪಾಲನ್ನು ಮೊದಲು ಉಣ್ಣುವುದು ಅವೇ. ಪ್ರೋಟೀನನ್ನು ಅಮೋನಿಯದವರೆಗೆ ಒಡೆದು, ಅದರಿಂದ ತಮ್ಮ ಮೈ ಕಟ್ಟಿಕೊಂಡು, ಮುಂದಿನ ಹೊಟ್ಟೆಗೆ ಜಾರಿ ತಾವೇ ಅರಗಿಹೋಗುತ್ತವೆ. 1960ರ ದಶಕದಲ್ಲಿ ಫಿನ್ಲೆಂಡಿನ ನೊಬೆಲ್ ವಿಜ್ಞಾನಿ ಆರ್ತುರಿ ವಿರ್ತನೆನ್, ಪ್ರೋಟೀನೇ ಇಲ್ಲದ ಮೇವಿಗೆ ಯೂರಿಯಾ, ಅಮೋನಿಯಂ ಲವಣ ಬೆರೆಸಿ ತಿನ್ನಿಸಿ, ಹಸುಗಳಿಂದ ಹಾಲು ಕರೆದು ತೋರಿಸಿದರು. (ಹಾಗೆಂದು ಹೊಲದ ಯೂರಿಯಾ ಚೀಲವನ್ನು ಕೊಟ್ಟಿಗೆಗೆ ತಂದೀರಿ! ಅಳತೆ ತಪ್ಪಿದರೆ ದನ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ.)

ಈಗ ಮ್ಯಾಸಬೇಡರ ದೇವರ ಎತ್ತುಗಳ ಕಡೆ ಬನ್ನಿ. ಮಾಂಸಕ್ಕೆಂದು ದನ ಕೊಬ್ಬಿಸುವ ದೇಶಗಳು ಪ್ರೋಟೀನಿಗೆಂದು ತಿನ್ನಿಸುವ ಸೋಯಾಕ್ಕೆ ಬದಲಿ ಹುಡುಕುತ್ತ ತಲೆ ಕೆಡಿಸಿಕೊಂಡಿವೆ. ಆದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಕಿಲಾರಿಗಳು ಕಾಯುವ ಈ ಎತ್ತುಗಳನ್ನು ಯಾರೂ ಕಡಿಯುವುದಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಅವು ಬೇಸಿಗೆ ದಾಟುವುದು ಹೆಚ್ಚಾಗಿ ಒಣಮೇವಿನ ಮೇಲೆಯೇ. ಹೇಗೆ? ಮೂತ್ರದಲ್ಲಿ ಹೋಗಬೇಕಿದ್ದ ಯೂರಿಯಾದ ಒಂದು ಪಾಲನ್ನು ರಕ್ತದಿಂದ ಜೊಲ್ಲಿಗೆ ತಂದು, ನುಂಗಿ, ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೆ ಮತ್ತೆ ಬಡಿಸುತ್ತವೆ! ಮೇವು ಬಡವಾದಷ್ಟೂ ಈ ಜಿಪುಣತನ ಹೆಚ್ಚು. ನನಗಂತೂ ಯಾವ ಹೊಸ ಪಶು ಆಹಾರಕ್ಕಿಂತಲೂ ಇದೇ ದೊಡ್ಡ ಪವಾಡ.

ಇನ್ನು ಎಲ್ಲರೂ ಶಪಿಸುವ ಬಳ್ಳಾರಿ ಜಾಲಿ! ಶೇಂಗಾದ ಹಾಗೆ ಅದೂ ಅಮೆರಿಕ ಖಂಡದಿಂದ ಬಂದದ್ದು, ಅದೂ ಬೇರಿನಲ್ಲಿ ಗಂಟು ಕಟ್ಟುವಂಥದ್ದು. ಹುಲ್ಲು ಸತ್ತ ಬೇಸಿಗೆಯಲ್ಲೇ ಸಿಹಿ ಕಾಯಿ ಉದುರಿಸುತ್ತದೆ. ಪ್ರೋಟೀನು ನೂರಕ್ಕೆ ಸುಮಾರು 12. ಆದರೆ ಅದರ ಒಂದು ಪಾಲು ಗಟ್ಟಿ ಬೀಜದೊಳಗೆ. ಬೀಸದೆ ತಿನ್ನಿಸಿದರೆ ಬೀಜ ಸಗಣಿಯಲ್ಲಿ ಇಡಿಯಾಗಿ ಬಿದ್ದು ಹುಲ್ಲುಗಾವಲೆಲ್ಲ ಜಾಲಿಯಾಗುತ್ತದೆ. ಬರೀ ಕಾಯಿಯನ್ನೇ ತಿಂಗಳುಗಟ್ಟಲೆ ಹಾಕಿದರೆ ದವಡೆಯ ನರ ಸೋತು ಮುಖ ಸೊಟ್ಟಗಾಗುವುದನ್ನು ಬ್ರೆಜಿಲ್‌ನ ದನಗಾರರು ಕಂಡಿದ್ದಾರೆ. ಬೀಸಿ ಹಿಟ್ಟು ಮಾಡಿ, ಹಿಂಡಿ-ಬೂಸಾದಲ್ಲಿ ಐದರಲ್ಲೊಂದು ಪಾಲು ಬೆರೆಸಿದರೆ ಸಾಕು.