ಹತ್ತಿರದ ಸಾಕ್ಷಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ಬಹುಮಟ್ಟಿಗೆ ಮನುಷ್ಯರ ಗುಣದೋಷಗಳಿಗೆ ಅನ್ವಯಿಸಿ ಆಡುತ್ತೇವೆ. ಭೂಕಂಪಶಾಸ್ತ್ರಕ್ಕೂ ಆ ಮಾತು ಅಕ್ಷರಶಃ ಸಲ್ಲುತ್ತದೆಂಬುದು ಆ ಶಾಸ್ತ್ರದ ಕೆಲವು ಬರಹಗಳನ್ನು ಓದುವಾಗ ನನಗೆ ಹೊಳೆಯಿತು. ನಾನು ಕನ್ನಡ ಪಾಠ ಹೇಳುವವನು. ವಿಜ್ಞಾನ ನನ್ನ ವೃತ್ತಿಯಲ್ಲ. ಆದರೆ ಕೃಷ್ಣೆ ಹರಿಯುವ ನಾಡಿನವನಾದ್ದರಿಂದ, ಕರಾಡದಲ್ಲಿ ಆ ಕೃಷ್ಣೆಯನ್ನು ಕೂಡುವ ಕೊಯ್ನಾ ನದಿಯ ಕಥೆ ನನಗೆ ಹೊರಗಿನದೆನಿಸಲಿಲ್ಲ.

ಭೂಕಂಪಮಾಪಕವೆಂದು ನಾವು ಸಾಮಾನ್ಯವಾಗಿ ಕರೆಯುವ ಉಪಕರಣ ಬಹಳ ಸೂಕ್ಷ್ಮವಾದುದು. ಸಾವಿರಾರು ಮೈಲಿಗಳಾಚೆ ನೆಲ ನಡುಗಿದರೂ ಅದಕ್ಕೆ ತಿಳಿಯುತ್ತದೆ. ಆ ಸೂಕ್ಷ್ಮತೆಯೇ ಹತ್ತಿರದಲ್ಲಿ ಅದಕ್ಕೆ ಮುಳುವು. ಪಿಸುಮಾತನ್ನು ಕೇಳಬಲ್ಲ ಕಿವಿ ಸಿಡಿಲಿಗೆ ಕಿವುಡಾಗುವಂತೆ, ಪಕ್ಕದಲ್ಲೇ ದೊಡ್ಡ ಕಂಪನವಾದಾಗ ಅದರ ಮುಳ್ಳು ಅಳತೆಯ ಎಲ್ಲೆ ದಾಟಿ, ಬರಹ ಕೆಟ್ಟುಹೋಗುತ್ತದೆ. ಆದ್ದರಿಂದ ಬಲವಾದ ನಡುಕವನ್ನೇ ಅಳೆಯಲು ಬೇರೊಂದು ಉಪಕರಣ ಬೇಕಾಯಿತು. ಅದು ವೇಗೋತ್ಕರ್ಷಲೇಖಕ. ಹಿಂದಿನ ಕಾಲದ ವೇಗೋತ್ಕರ್ಷಲೇಖಕ ಕುಂಭಕರ್ಣನಂತೆ ವರ್ಷಗಟ್ಟಲೆ ನಿದ್ರಿಸುತ್ತಿತ್ತು. ನೆಲದ ಮೊದಲ ಅಲುಗಾಟಕ್ಕೆ ವಿದ್ಯುತ್ ಸಂಪರ್ಕ ಕೂಡಿ, ಛಾಯಾಪತ್ರದ ಸುರುಳಿ ತಿರುಗತೊಡಗಿ, ಬೆಳಕಿನ ಎಳೆಯೊಂದು ಅದರ ಮೇಲೆ ನಡುಕವನ್ನು ಬರೆಯುತ್ತಿತ್ತು. ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಕ್ಷಣ ಜಾರಿಹೋಗುತ್ತಿತ್ತು. ಈಗಿನ ಉಪಕರಣಗಳು ಕಳೆದ ಕೆಲವು ಕ್ಷಣಗಳನ್ನು ಸದಾ ನೆನಪಿನಲ್ಲಿ ಇಟ್ಟುಕೊಂಡೇ ಇರುವುದರಿಂದ ಆ ನಷ್ಟ ತಪ್ಪಿದೆ.

ಇಂಥ ಬರಹ ಮೊದಲು ದೊರೆತದ್ದು ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಲ್ಲಿ, 1933ರಲ್ಲಿ. 1940ರ ಮೇ 18ರಂದು ಅದೇ ಪ್ರಾಂತದ ಎಲ್ ಸೆಂಟ್ರೊ ಊರಿನಲ್ಲಿ ದೊರೆತ ದಾಖಲೆಯಂತೂ ಮುಂದೆ ಹಲವು ದಶಕಗಳ ಕಾಲ ಜಗತ್ತಿನ ಎಂಜಿನಿಯರರಿಗೆ ಪಠ್ಯವೇ ಆಯಿತು. 1966ರ ಜೂನಿನಲ್ಲಿ ಪಾರ್ಕ್‌ಫೀಲ್ಡ್ ಬಳಿ ಸ್ಯಾನ್ ಆಂಡ್ರಿಯಸ್ ಸ್ತರಭಂಗ ಜಾರಿದಾಗ, ಆ ಬಿರುಕಿನಿಂದ ಸುಮಾರು 80 ಮೀಟರು ದೂರದಲ್ಲಿದ್ದ ಉಪಕರಣವೊಂದು ಗುರುತ್ವದ ಅರ್ಧದಷ್ಟು ವೇಗೋತ್ಕರ್ಷವನ್ನು ಬರೆದುಕೊಂಡಿತು. ಆದರೂ ಸುತ್ತಲಿನ ಕಟ್ಟಡಗಳಿಗೆ ಆದ ಹಾನಿ ಅಲ್ಪ. ನಡುಕದ ಎತ್ತರವೊಂದೇ ಸಾಲದು, ಅದು ಎಷ್ಟು ಹೊತ್ತು ಮತ್ತು ಯಾವ ಬಗೆಯಲ್ಲಿ ತಳ್ಳಿತು ಎಂಬುದೂ ಮುಖ್ಯ ಎಂಬ ಪಾಠ ಅಲ್ಲಿ ದೊರೆಯಿತು.

ಮರುವರ್ಷವೇ ಸರದಿ ನಮ್ಮ ನೆರೆಗೆ ಬಂತು. 1967ರ ಡಿಸೆಂಬರ್ 11ರ ನಸುಕಿನಲ್ಲಿ, ಗಂಟೆ ನಾಲ್ಕು ದಾಟಿದ ಹೊತ್ತು, ಜನ ಗಾಢನಿದ್ರೆಯಲ್ಲಿದ್ದಾಗ ಕೊಯ್ನಾನಗರದ ನೆಲ ಕಂಪಿಸಿತು. 170ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ದಕ್ಷಿಣದ ಪ್ರಸ್ಥಭೂಮಿ ಅಲುಗದ ನೆಲವೆಂಬ ಬಹುಕಾಲದ ನಂಬಿಕೆ ಅಂದು ಮನೆಗಳೊಂದಿಗೇ ಕುಸಿಯಿತು. ಕೆಲವೇ ವರ್ಷಗಳ ಹಿಂದೆ ಕಟ್ಟಿ ಮುಗಿಸಿದ್ದ 103 ಮೀಟರು ಎತ್ತರದ ಅಣೆಕಟ್ಟು ತುಂಬಿದ ಜಲರಾಶಿಯನ್ನು ತಡೆದು ನಿಂತಿತ್ತು. ಅದರ ಒಡಲೊಳಗಿನ ಓಣಿಯೊಂದರಲ್ಲಿ ಇರಿಸಿದ್ದ ವೇಗೋತ್ಕರ್ಷಲೇಖಕ ಎಚ್ಚೆತ್ತು ತನ್ನ ಕೆಲಸ ಮಾಡಿತು. ಅಣೆಕಟ್ಟಿನ ಉದ್ದದ ದಿಕ್ಕಿನಲ್ಲಿ ಗುರುತ್ವದ 0.63 ಪಾಲು, ನದಿಯ ಹರಿವಿನ ದಿಕ್ಕಿನಲ್ಲಿ 0.49 ಪಾಲು ವೇಗೋತ್ಕರ್ಷ ಅದರಲ್ಲಿ ದಾಖಲಾಗಿತ್ತು. ಅಣೆಕಟ್ಟಿನ ವಿನ್ಯಾಸದಲ್ಲಿ ಭೂಕಂಪಕ್ಕೆಂದು ಹಿಡಿದಿದ್ದ ಗುಣಾಂಕ 0.05. ಇವೆರಡನ್ನೂ ನೇರವಾಗಿ ಹೋಲಿಸುವುದು ಸಲ್ಲದು. ಒಂದು ಲೆಕ್ಕಕ್ಕೆ ಹಿಡಿದ ಸ್ಥಿರಬಲ, ಇನ್ನೊಂದು ಕ್ಷಣಮಾತ್ರ ಮುಟ್ಟಿದ ತುದಿ. ಆದರೂ ಊಹೆಗೂ ವಾಸ್ತವಕ್ಕೂ ನಡುವೆ ಇದ್ದ ಕಂದರವನ್ನು ಆ ಅಂಕಿಗಳು ಮರೆಯಿಲ್ಲದೆ ತೋರಿದವು.

ಅಣೆಕಟ್ಟು ಒಡೆಯಲಿಲ್ಲ. ಆದರೆ ಮೇಲ್ಭಾಗದಲ್ಲಿ, ಅದರ ಇಳಿಜಾರು ಬದಲಾಗುವ ಕೊರಳಿನ ಎಡೆಯಲ್ಲಿ, ಎರಡೂ ಮುಖಗಳಲ್ಲಿ ಅಡ್ಡ ಬಿರುಕುಗಳು ಮೂಡಿದವು. ಬರ್ಕ್‌ಲಿಯ ಅನಿಲ್ ಚೋಪ್ರಾ ಮತ್ತು ಅವರ ಸಹೋದ್ಯೋಗಿ ಚಕ್ರವರ್ತಿಯವರು 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇದೇ ದಾಖಲೆಯನ್ನು ಆಧಾರವಾಗಿಟ್ಟುಕೊಂಡು ಅಣೆಕಟ್ಟಿನ ಒಳಗಿನ ಸೆಳೆತವನ್ನು ಗಣಿಸಿದರು. ಕಾಂಕ್ರೀಟು ತಾಳಲಾರದಷ್ಟು ಸೆಳೆತ ಆ ಕೊರಳಿನಲ್ಲೇ ಉಂಟಾಗಿತ್ತೆಂದು ಲೆಕ್ಕ ಹೇಳಿತು. ಬಿರುಕು ಮತ್ತು ಬರಹ ಒಂದನ್ನೊಂದು ಸಮರ್ಥಿಸಿದವು. ಅಣೆಕಟ್ಟಿಗೆ ಆಸರೆಗೋಡೆಗಳನ್ನು ಕೊಟ್ಟು ಬಲಪಡಿಸಲಾಯಿತು. 1970ರಲ್ಲಿ ದೇಶದ ಭೂಕಂಪವಲಯಗಳ ನಕ್ಷೆಯನ್ನು ತಿದ್ದಿದಾಗ ಕೊಯ್ನಾ ಪ್ರದೇಶ ಹೆಚ್ಚಿನ ಅಪಾಯದ ವಲಯಕ್ಕೆ ಸೇರಿತು.

ಸಾಕ್ಷಿ ಇಲ್ಲದೆ ಹೋದರೆ ಆಗುವ ನಷ್ಟವೇನೆಂಬುದಕ್ಕೂ ನಮ್ಮಲ್ಲಿ ನಿದರ್ಶನವುಂಟು. 2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರಾಂತವನ್ನು 7.7 ಪರಿಮಾಣದ ಭೂಕಂಪ ಧ್ವಂಸಮಾಡಿತು. 13,000ಕ್ಕೂ ಹೆಚ್ಚು ಜನ ಸತ್ತರು. ಆದಿಯಿಂದ ಅಂತ್ಯದವರೆಗೆ ಆ ನಡುಕವನ್ನು ಬರೆದ ಹತ್ತಿರದ ಉಪಕರಣ ಇದ್ದದ್ದು 200 ಕಿಲೋಮೀಟರಿಗೂ ಆಚೆ, ಅಹಮದಾಬಾದಿನಲ್ಲಿ. ಸಮೀಪದ ಸರಳ ಸಾಧನಗಳು ನಡುಕದ ತುದಿಯನ್ನಷ್ಟೇ ಸೂಚಿಸಿದವು. ಅಷ್ಟು ಜನರನ್ನು ನುಂಗಿದ ಆ ಕ್ಷಣಗಳ ಪೂರ್ಣ ವೃತ್ತಾಂತ ಅದು ನಡೆದ ನೆಲದಿಂದ ನಮಗೆ ದೊರೆಯದೇ ಹೋಯಿತು.

ನಮ್ಮ ಸಾಹಿತ್ಯದ ವಿದ್ಯಾರ್ಥಿಗೆ ಇದು ಅಪರಿಚಿತ ನ್ಯಾಯವೇನಲ್ಲ. ಯುದ್ಧವರ್ಣನೆಯನ್ನು ಕವಿ ಆಸ್ಥಾನದಲ್ಲಿ ಕುಳಿತು ಬರೆಯಬಹುದು. ಊರಳಿವಿನಲ್ಲಿ, ತುರುಗೋಳಿನಲ್ಲಿ ಮಡಿದವನ ವೀರಗಲ್ಲು ಮಾತ್ರ ಅವನ ಊರಿನ ಮಣ್ಣಿನಲ್ಲೇ ನಿಲ್ಲಬೇಕು. ಇತಿಹಾಸಕಾರ ಎರಡನ್ನೂ ಓದುತ್ತಾನೆ. ಆದರೆ ಸಂದೇಹ ಬಂದಾಗ ಕಲ್ಲಿನ ಬಳಿಗೆ ಹೋಗುತ್ತಾನೆ.

ಹತ್ತಿರದಲ್ಲಿ ನಿಲ್ಲುವುದೆಂದರೆ ಕಾಯುವುದೂ ಹೌದು. ಪಾರ್ಕ್‌ಫೀಲ್ಡಿನಲ್ಲಿ 1857ರಿಂದ 1966ರವರೆಗೆ ಸರಾಸರಿ 22 ವರ್ಷಗಳಿಗೊಮ್ಮೆ ನೆಲ ನಡುಗಿದ್ದನ್ನು ಕಂಡ ವಿಜ್ಞಾನಿಗಳು, 1993ರೊಳಗೆ ಮತ್ತೊಂದು ಬರುವುದೆಂದು ಎಣಿಸಿ, ಬಿರುಕಿನ ಇಕ್ಕೆಲದಲ್ಲೂ ಉಪಕರಣಗಳನ್ನು ಹೂಡಿ ಕುಳಿತರು. ಅದು ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ. ಭವಿಷ್ಯ ಸುಳ್ಳಾಯಿತು, ಕಾವಲು ಸುಳ್ಳಾಗಲಿಲ್ಲ. ಅಂದು ದೊರೆತ ದಾಖಲೆಗಳಲ್ಲಿ, ಸ್ವಲ್ಪವೇ ದೂರದ ಎರಡು ಠಾಣೆಗಳ ನಡುವೆಯೂ ಅಜಗಜಾಂತರ ಕಂಡುಬಂತು. ಒಂದು ಊರಿನ ಅಳತೆಯಿಂದ ಪಕ್ಕದ ಊರನ್ನು ಊಹಿಸುವುದೂ ಕಷ್ಟವೆಂದಾಯಿತು.

ಹಿಮಾಲಯದ ತಪ್ಪಲು ಮೊದಲ್ಗೊಂಡು ನಮ್ಮ ದೇಶದಲ್ಲೂ ರೂರ್ಕಿಯ ಐ.ಐ.ಟಿ. ಸುಮಾರು 300 ಇಂಥ ಠಾಣೆಗಳನ್ನು ಸ್ಥಾಪಿಸಿತು. ಠಾಣೆ ಹೂಡುವ ದಿನ ಉತ್ಸಾಹವಿರುತ್ತದೆ. ಏನೂ ನಡೆಯದ ಇಪ್ಪತ್ತು ವರ್ಷ ಅದರ ಬ್ಯಾಟರಿ ಬದಲಿಸಿ, ಇಲಿ ಹೆಗ್ಗಣಗಳಿಂದ ಕಾಪಾಡಿ, ಗಡಿಯಾರ ಸರಿಪಡಿಸುವವನಿಗೆ ಹಾರತುರಾಯಿಗಳಿಲ್ಲ. ಫಲ ಕಾಣದ ಆ ದುಡಿಮೆಗೆ ಕೊಡುವ ಹಣ ವ್ಯರ್ಥವೆಂದು ಯಾರಿಗಾದರೂ ತೋರಿದರೆ, ಅವರು ಕೊಯ್ನಾ ಅಣೆಕಟ್ಟಿನ ಕೆಳಗೆ ಕರಾಡದಿಂದ ಆಲಮಟ್ಟಿಯವರೆಗೆ ನದಿಯ ದಡದಲ್ಲಿ ಎಷ್ಟು ಊರುಗಳಿವೆ ಎಂಬುದನ್ನು ನಕ್ಷೆ ತೆರೆದು ಒಮ್ಮೆ ಎಣಿಸಿನೋಡಬೇಕೆಂದು ನನ್ನ ವಿನಂತಿ.