ಬಿಪಿ ಕೈಗಷ್ಟೇ ಅಲ್ಲ, ಕಾಲಿಗೂ ನೋಡಿಸಿ: ನಡೆದರೆ ಮೀನಖಂಡ ಹಿಡಿಯುವವರಿಗೆ ಸರಳ ಪರೀಕ್ಷೆ

ಚಳ್ಳಕೆರೆ/ಮೊಳಕಾಲ್ಮುರು: ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತೆ. ಎರಡು ನಿಮಿಷ ನಿಂತರೆ ಸರಿಹೋಗುತ್ತೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ಚಳ್ಳಕೆರೆ ಎಪಿಎಂಸಿಯಲ್ಲಿ ಮೂಟೆ ಹೊರುವವರು, ದಿನವಿಡೀ ಅಂಗಡಿಯಲ್ಲಿ ನಿಲ್ಲುವವರು, ಮೊಳಕಾಲ್ಮುರಿನಲ್ಲಿ ಮಗ್ಗ ತುಳಿಯುವ ನೇಕಾರರು ಇದನ್ನು ‘ಕೆಲಸದ ಸುಸ್ತು’, ‘ವಯಸ್ಸಾಯ್ತು’ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದು ಕಾಲಿನ ರಕ್ತನಾಳ ಕಿರಿದಾಗುತ್ತಿರುವ ಸೂಚನೆಯೂ ಇರಬಹುದು. ಅದನ್ನು ತಿಳಿಯಲು ಮೊದಲು ಮಾಡುವ ಪರೀಕ್ಷೆಯೇ ಕಾಲಿನ ಬಿಪಿ.

ಹೇಗೆ ನೋಡ್ತಾರೆ?

ಐದು-ಹತ್ತು ನಿಮಿಷ ಅಂಗಾತ ಮಲಗಿಸಿ, ಎರಡೂ ಕೈ ಮತ್ತು ಎರಡೂ ಪಾದದ ಗಂಟಿನ ಮೇಲ್ಭಾಗಕ್ಕೆ ಬಿಪಿ ಪಟ್ಟಿ ಕಟ್ಟಿ ಅಳೆಯುತ್ತಾರೆ. ಕಾಲಿನ ನಾಡಿಯ ಸದ್ದು ಕೇಳಲು ಡಾಪ್ಲರ್ ಎಂಬ ಪುಟ್ಟ ಯಂತ್ರ ಬಳಸುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಇದರ ಹೆಸರು ಆ್ಯಂಕಲ್ ಬ್ರೇಕಿಯಲ್ ಇಂಡೆಕ್ಸ್, ಚಿಕ್ಕದಾಗಿ ಎಬಿಐ.

ಲೆಕ್ಕ ಸರಳ. ಕಾಲಿನ ಮೇಲಿನ ಬಿಪಿ ಸಂಖ್ಯೆಯನ್ನು ಕೈಯ ಮೇಲಿನ ಸಂಖ್ಯೆಯಿಂದ ಭಾಗಿಸಬೇಕು. ಕೈಯಲ್ಲಿ 140, ಕಾಲಲ್ಲಿ 98 ಇದ್ದರೆ ಎಬಿಐ 0.7. ಎರಡು ಕೈಗಳಲ್ಲಿ ವ್ಯತ್ಯಾಸವಿದ್ದರೆ ಹೆಚ್ಚಿನದನ್ನೇ ಹಿಡಿಯುತ್ತಾರೆ.

* 1.0ರಿಂದ 1.4: ಸಾಮಾನ್ಯ
* 0.91ರಿಂದ 0.99: ಗಡಿಯಲ್ಲಿದೆ
* 0.9 ಅಥವಾ ಕಡಿಮೆ: ರಕ್ತನಾಳದ ಕಾಯಿಲೆ
* 0.4ಕ್ಕಿಂತ ಕಡಿಮೆ: ತೀವ್ರ
* 1.4ಕ್ಕಿಂತ ಹೆಚ್ಚು: ನಾಳ ಗಟ್ಟಿಯಾಗಿದೆ

ಕೊನೆಯದು ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ಹೆಚ್ಚು. ಸಂಖ್ಯೆ ಜಾಸ್ತಿ ಬಂತೆಂದು ಕಾಲು ಚೆನ್ನಾಗಿದೆ ಅಂದುಕೊಳ್ಳಬೇಡಿ. ಅಂಥವರಿಗೆ ಕಾಲ್ಬೆರಳಿನ ಒತ್ತಡ ನೋಡಬೇಕಾಗುತ್ತದೆ.

ಯಾರು ನೋಡಿಸಬೇಕು?

ನಡೆದಾಗ ಕಾಲುನೋವು ಬರುವವರು, 50 ದಾಟಿದ ಶುಗರ್ ರೋಗಿಗಳು, ಬೀಡಿ-ಸಿಗರೇಟ್ ಸೇದುವವರು, 65 ದಾಟಿದವರು ವೈದ್ಯರನ್ನು ಕೇಳಬೇಕು. ಶುಗರ್‌ನಿಂದ ಪಾದ ಜೋಮು ಹಿಡಿದಿದ್ದರೆ ನೋವೇ ಗೊತ್ತಾಗದಿರಬಹುದು. ಕಾಲಲ್ಲಿ ರಕ್ತನಾಳ ಕಟ್ಟಿದೆ ಅಂದರೆ ಹೃದಯ, ಮಿದುಳಿನ ನಾಳಗಳಲ್ಲೂ ತೊಂದರೆ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಈ ಸಂಖ್ಯೆ ಹೃದಯಾಘಾತ, ಪಾರ್ಶ್ವವಾಯುವಿನ ಎಚ್ಚರಿಕೆಯೂ ಹೌದು.

ಮನೆಯ ಡಿಜಿಟಲ್ ಯಂತ್ರವನ್ನು ಕಾಲಿಗೆ ಕಟ್ಟಿ ತೀರ್ಮಾನಕ್ಕೆ ಬರಬೇಡಿ. ಡಾಪ್ಲರ್ ಎಲ್ಲ ಕ್ಲಿನಿಕ್‌ಗಳಲ್ಲೂ ಇರುವುದಿಲ್ಲ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಪಾದದ ನಾಡಿ ತೋರಿಸಿ, ‘ಎಬಿಐ ಎಲ್ಲಿ ಮಾಡಿಸಬೇಕು?’ ಎಂದು ಕೇಳಿ.

ಬೇಗ ಗೊತ್ತಾದರೆ ತಂಬಾಕು ಬಿಡುವುದು, ವೈದ್ಯರು ಹೇಳಿದಂತೆ ದಿನಾ ನಡೆಯುವುದು, ಬಿಪಿ-ಶುಗರ್-ಕೊಲೆಸ್ಟರಾಲ್ ಮಾತ್ರೆಗಳಿಂದಲೇ ಬಹಳಷ್ಟು ಜನ ಸುಧಾರಿಸುತ್ತಾರೆ. ಆದರೆ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಗಾಯ ಎರಡು ವಾರವಾದರೂ ಮಾಯದಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಚಿಕೊಂಡರೆ ಗಂಟೆಗಳೊಳಗೆ ಚಿಕಿತ್ಸೆ ಬೇಕು. ತಕ್ಷಣ 108ಕ್ಕೆ ಕರೆ ಮಾಡಿ. ತಡವಾದರೆ ಕಾಲೇ ಕಳೆದುಕೊಳ್ಳಬೇಕಾದೀತು.