ಫ್ಯಾನು ತಿರುಗಿತು, ಪರದೆ ಬೆಳಗಲಿಲ್ಲ!

ಎರಡು ವರ್ಷ ಕೂಡಿಟ್ಟ ಹಣದಿಂದ ನಮ್ಮ ಹುಡುಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು, ಆಟದ ಕಂಪ್ಯೂಟರನ್ನು ತಾನೇ ಜೋಡಿಸಿದ. ಗುಂಡಿಯೊತ್ತಿದಾಗ ಫ್ಯಾನುಗಳೇನೋ ತಿರುಗಿದುವು. ಪರದೆ ಮಾತ್ರ ಕತ್ತಲೆ. ಹುಡುಗನ ಮುಖ ಬಾಡಿತು. ಹಣವೆಲ್ಲ ನೀರುಪಾಲಾಯಿತೆ?

ಇಂಥ ವೇಳೆ ಅಧೀರರಾಗಬೇಕಿಲ್ಲ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಸೇರಿದೆಯೇ ಎಂದು ಮೊದಲು ನೋಡಬೇಕು. ಡಿ.ಡಿ.ಆರ್. 5 ರ‍್ಯಾಮ್ ಇದ್ದರೆ ಕೆಲವು ನಿಮಿಷ ಕಾಯಬೇಕು. ಮೊದಲ ಸಲ ಅದನ್ನು ಹೊಂದಿಸಿಕೊಳ್ಳಲು ಯಂತ್ರಕ್ಕೆ ಅಷ್ಟು ಹೊತ್ತು ಹಿಡಿಯುವುದುಂಟು. ಆಗಲೂ ಬೆಳಗದಿದ್ದರೆ ಪ್ಲಗ್ ಕಿತ್ತು, ಪ್ರೊಸೆಸರಿಗೆ ವಿದ್ಯುತ್ ಒಯ್ಯುವ 8 ಪಿನ್ನಿನ ತಂತಿಯನ್ನೂ ರ‍್ಯಾಮ್ ಪಟ್ಟಿಗಳನ್ನೂ ಪರೀಕ್ಷಿಸಬೇಕು. ಪಟ್ಟಿ ‘ಟಿಕ್’ ಎಂದು ಕೂರಬೇಕು.

ನಮ್ಮಲ್ಲಿ ಒಂದು ಪಟ್ಟಿ ಅರೆಬರೆ ಕೂತಿತ್ತು, ಅಷ್ಟೆ. ಒತ್ತಿ ಕೂರಿಸಿದ ಮೇಲೆ ಪರದೆ ಬೆಳಗಿತು. ಜೊತೆಗೆ ಹುಡುಗನ ಮುಖವೂ.